ಮೊಳಕೆಯನ್ನು ಕೆದಕಿ ನೋಡಬೇಡಿ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಕೇಳದ ಕನ್ನಡ ಮನೆಯಿಲ್ಲ. ಮಕ್ಕಳು ಮಾತು ಕೇಳದಿದ್ದಾಗಲೆಲ್ಲ ಹಿರಿಯರು ಇದನ್ನು ಮುಂದೊಡ್ಡುತ್ತಾರೆ. ನಾನೂ ಒಡ್ಡಿದವಳೇ. ಆದರೆ ಗಾದೆ ಹೇಳುವ ನಮ್ಮಲ್ಲಿ ಎಷ್ಟು ಮಂದಿ ನಿಜವಾಗಿ ಒಂದು ಗಿಡವನ್ನು ಬಗ್ಗಿಸಿ ನೋಡಿದ್ದೇವೆ? ನೋಡಿದವರಿಗೆ ಗೊತ್ತು: ಎಳೆಯ ಕಾಂಡವನ್ನು ಅವಸರದಿಂದ ಬಗ್ಗಿಸಹೋದರೆ ಅದು ಬಗ್ಗುವುದಿಲ್ಲ, ಮುರಿಯುತ್ತದೆ. ಬಲ್ಲ ತೋಟಗಾರನು ಪಕ್ಕದಲ್ಲೊಂದು ಕೋಲು ನೆಟ್ಟು, ಸಡಿಲವಾಗಿ ಒಂದು ದಾರ ಕಟ್ಟಿ, ತಾನು ಸರಿದು ನಿಲ್ಲುತ್ತಾನೆ.

ಇದನ್ನು ನಾನು ಕಲಿತದ್ದು ನನ್ನ ಮಗನಿಂದ ಮತ್ತು ಒಂದು ಹೀರೆಯ ಬಳ್ಳಿಯಿಂದ. ನಾವು ಧಾರವಾಡದ ಕಡೆಯ ಕ್ರೈಸ್ತರು. ಪುಣೆಗೆ ಬಂದು ನೆಲೆಸಿ ಬಹಳ ವರ್ಷಗಳಾದುವು. ಈ ಪತ್ರಿಕೆಯ ಓದುಗರಲ್ಲಿ ಎಲ್ಲ ಮತದವರೂ ಇದ್ದಾರೆಂಬುದನ್ನು ಬಲ್ಲೆ. ಆದರೆ ದೇವರ ಮೇಲಣ ನಂಬಿಗೆಯನ್ನು ಮಕ್ಕಳಿಗೆ ದಾಟಿಸುವುದು ಹೇಗೆಂಬ ಕಳವಳ ಒಂದು ಮತದವರದು ಮಾತ್ರವಲ್ಲ. ಆದುದರಿಂದ ನಮ್ಮ ಮನೆಯ ಕಥೆಯನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಮಗ್ಗಿಯಂತೆ ಒಪ್ಪಿಸಿದ ವಚನ

ಎರಡು ವರ್ಷಗಳ ಹಿಂದೆ ಧಾರವಾಡದಲ್ಲಿ ನನ್ನ ಅತ್ತೆಯವರು ಹಾಸಿಗೆ ಹಿಡಿದರು. ನಮ್ಮ ಮಗನಿಗೆ ಆಗ ಎಂಟು ವರ್ಷ. ಅಜ್ಜಿಯೆಂದರೆ ಅವನಿಗೆ ಪ್ರಾಣ. ಪ್ರತಿದಿನ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಅಜ್ಜಿಯ ಹೆಸರು ಹೇಳಿ, ಕೈ ಜೋಡಿಸಿ ಬೇಡಿಕೊಳ್ಳುತ್ತಿದ್ದ. ಏಪ್ರಿಲಿನಲ್ಲಿ ಅಜ್ಜಿ ತೀರಿಕೊಂಡರು. ಮಣ್ಣು ಮುಗಿಸಿ ಪುಣೆಗೆ ಮರಳಿದ ಮೇಲೆ ಹುಡುಗ ಪ್ರಾರ್ಥನೆಗೆ ಕುಳಿತ, ಆದರೆ ಕಣ್ಣು ಮುಚ್ಚಲಿಲ್ಲ. ಹಾಡಿಗೆ ಬಾಯಿ ತೆರೆಯಲಿಲ್ಲ. ಕೇಳಿದರೆ, "ಅವ್ವಾ, ನಾ ದಿನಾ ಬೇಡ್ಕೊಂಡ್ರೂ ಅಜ್ಜಿ ಉಳೀಲಿಲ್ಲ. ಇನ್ಯಾಕ ಬೇಡ್ಕೋಬೇಕು?" ಎಂದ.

ನನಗೆ ಉತ್ತರ ತೋಚಲಿಲ್ಲ. ಉತ್ತರ ತೋಚದ ಹಿರಿಯರು ಮಾಡುವುದನ್ನೇ ನಾನೂ ಮಾಡಿದೆ: ಗದರಿದೆ. ಅದೂ ಮನೆಗೆ ಬಂದ ನೆಂಟರೆದುರಿಗೆ. ಅಷ್ಟಕ್ಕೇ ಬಿಡದೆ, ದಿನಕ್ಕೊಂದು ವೇದವಚನ ಬಾಯಿಪಾಠ ಮಾಡಿ ಒಪ್ಪಿಸದಿದ್ದರೆ ಆಟಕ್ಕೆ ಬಿಡುವುದಿಲ್ಲವೆಂದು ಕಟ್ಟಳೆ ಮಾಡಿದೆ. ಅವನು ಒಪ್ಪಿಸಿದ, ಮಗ್ಗಿ ಒಪ್ಪಿಸಿದ ಹಾಗೆ, ತಪ್ಪಿಲ್ಲದೆ. ನಾನು ಗೆದ್ದೆನೆಂದುಕೊಂಡೆ. ಆದರೆ ಅವನ ಮುಖ ಮುಚ್ಚಿದ ಬಾಗಿಲಿನಂತೆ ಆಗಿತ್ತು.

ಮೇ ತಿಂಗಳ ಕೊನೆಗೆ ಅತ್ತೆಯವರ ಪೆಟ್ಟಿಗೆಯನ್ನು ಬಿಚ್ಚಿ ನೋಡುವಾಗ, ಹಳೆಯ ಸೀರೆಯ ಚಿಂದಿಯಲ್ಲಿ ಕಟ್ಟಿಟ್ಟ ಬೀಜದ ಗಂಟೊಂದು ಸಿಕ್ಕಿತು. ಧಾರವಾಡದ ಹಿತ್ತಲಿನ ಹೀರೆಯ ಬೀಜಗಳು. ನಮ್ಮ ಮನೆಯವರು ಅದನ್ನು ಅಂಗೈಯಲ್ಲಿ ಹಿಡಿದು, "ಇದನ್ನ ಅವನ ಕೈಯಾಗ ಕೊಡು. ವಚನ ಸ್ವಲ್ಪ ದಿನ ಇರ್ಲಿ" ಎಂದರು. ಮನಸ್ಸಿಲ್ಲದೆಯೇ ಒಪ್ಪಿದೆ.

ಮೊದಲು ಮಣ್ಣು

ನಮ್ಮದು ಮೂರನೆಯ ಅಂತಸ್ತಿನ ಮನೆ. ತೋಟವೆಂದರೆ ಬಾಲ್ಕನಿಯ ನಾಲ್ಕಾರು ಕುಂಡಗಳು. ತಂದೆ ಮಕ್ಕಳು ಸೇರಿ ಊರ ಹೊರಗಿನಿಂದ ಒಂದು ಚೀಲ ಎರೆಮಣ್ಣು ತಂದರು. ಪುಣೆಯ ಸುತ್ತಲ ಎರೆಮಣ್ಣಿನ ಗುಣ ನಮ್ಮ ಧಾರವಾಡ, ಗದಗಿನ ಕಡೆಯವರಿಗೆ ಹೊಸತಲ್ಲ: ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ನೀರು ಹಿಡಿದು ಅಂಟಾಗುತ್ತದೆ. ಸಾರವೇನೋ ಇದೆ, ಆದರೆ ಕುಂಡದಲ್ಲಿ ಅದೊಂದನ್ನೇ ತುಂಬಿದರೆ ಬೇರಿಗೆ ಉಸಿರಾಡಲು ಎಡೆಯಿಲ್ಲ. ಅದಕ್ಕೆ ಮರಳನ್ನೂ ಕಳಿತ ಸೆಗಣಿ ಗೊಬ್ಬರವನ್ನೂ ಬೆರೆಸಬೇಕು. ಎರಡು ದಿನ ಮಕ್ಕಳು ಹೆಂಟೆ ಒಡೆದು ಕೈ ಕಪ್ಪು ಮಾಡಿಕೊಂಡರು. ಬೀಜದ ಮಾತೇ ಇಲ್ಲ, ಬರಿ ಮಣ್ಣಿನ ಕೆಲಸ. ನೋಡುತ್ತ ನಿಂತ ನನಗೆ, ನಾನು ಹೆಂಟೆ ಒಡೆಯದೆಯೇ ಬಿತ್ತಲು ಹೊರಟಿದ್ದೆನಲ್ಲ ಎನ್ನಿಸಿತು. ದುಃಖದಲ್ಲಿ ಗಟ್ಟಿಯಾಗಿದ್ದ ಮಗುವಿನ ಮನಸ್ಸಿಗೆ ಬೇಕಾಗಿದ್ದುದು ವಚನಕ್ಕಿಂತ ಮೊದಲು ತಾಯಿಯ ತೊಡೆ.

ಹೀರೆಯ ಜೊತೆಗೆ ಮಗ ಒಂದು ಕುಂಡದಲ್ಲಿ ಕೊತ್ತಂಬರಿ ಬಿತ್ತಿದ, ಅವನ ಅಕ್ಕ ಇನ್ನೊಂದರಲ್ಲಿ ಸಾಸಿವೆ. ಸಾಸಿವೆ ಮೂರು ನಾಲ್ಕು ದಿನಗಳಲ್ಲೇ ತಲೆಯೆತ್ತಿತು. ಕೊತ್ತಂಬರಿಗೆ ಎಂಟು ಹತ್ತು ದಿನ ಬೇಕು. ಕೆಲವೊಮ್ಮೆ ಇನ್ನೂ ಹೆಚ್ಚು. ಆರನೆಯ ದಿನ ಹುಡುಗ ತಾಳಲಾರದೆ ಬೆರಳಿನಿಂದ ಮಣ್ಣು ಕೆದಕಿ ನೋಡಿದ. ಬೀಜ ಒಡೆದು ಬಿಳಿಯ ಎಳೆಯೊಂದು ಹೊರಟಿತ್ತು. ಅವನ ಬೆರಳು ತಾಗಿ ಅದು ಮುರಿಯಿತು. "ಅದು ಒಳಗ ಬೆಳೀಲಿಕ್ಕತ್ತಿತ್ತು, ಅವ್ವಾ. ನಾನಽ ಮುರದೆ" ಎಂದು ಅತ್ತ.

ನಾನೂ ಅವನ ಜೊತೆ ಅತ್ತೆ. ದಿನಾ ಸಂಜೆ "ಭಕ್ತಿ ಬಂತೇ, ನಂಬಿಗೆ ಬಂತೇ" ಎಂದು ಅವನ ಎದೆಯನ್ನು ಕೆದಕುತ್ತಿದ್ದವಳು ನಾನೇ ಅಲ್ಲವೆ? ದೇವರ ರಾಜ್ಯವು ಭೂಮಿಯಲ್ಲಿ ಬಿದ್ದ ಬೀಜದಂತೆ ಎಂದು ಹೇಳುವ ಯೇಸುಸ್ವಾಮಿಯ ಒಂದು ಚಿಕ್ಕ ಸಾಮ್ಯವು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿದೆ. ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜವು ಅವನಿಗೆ ತಿಳಿಯದ ರೀತಿಯಲ್ಲಿ ಮೊಳೆತು ಬೆಳೆಯುತ್ತದೆ. ಎಷ್ಟು ಸಲ ಓದಿದ್ದೆ! ಬಿತ್ತಿದವನು ನಿಶ್ಚಿಂತೆಯಿಂದ ನಿದ್ದೆಮಾಡಬಹುದೆಂಬುದು ಮಾತ್ರ ನನ್ನ ಗಮನಕ್ಕೇ ಬಂದಿರಲಿಲ್ಲ.

ಅಕ್ಕನ ಸಾಸಿವೆ ಬೇಗ ಬಂತು, ತಮ್ಮನ ಕೊತ್ತಂಬರಿ ತಡವಾಯಿತು. ಒಂದೇ ಮನೆಯ ಎರಡು ಮಕ್ಕಳೂ ಹಾಗೆಯೇ. ಒಬ್ಬರ ದಿನಗಳನ್ನು ಇನ್ನೊಬ್ಬರಿಗೆ ಲೆಕ್ಕ ಹಾಕಬಾರದು.

ಟೇಕಡಿಯ ಹುಲ್ಲು, ಪುರಂದರದ ಅಂಜೂರ

ಪುಣೆಯಲ್ಲಿರುವವರಿಗೆ ಸಾಮ್ಯಗಳನ್ನು ಕಣ್ಣಾರೆ ತೋರಿಸಲು ಬೇರೆ ಸಾಧನ ಬೇಡ. ಜುಲೈ ತಿಂಗಳಲ್ಲಿ ವೇತಾಳ ಟೇಕಡಿಗೋ ಪರ್ವತಿಗೋ ಮಕ್ಕಳನ್ನು ಕರೆದೊಯ್ಯಿರಿ. ಕರಿಗಲ್ಲಿನ ಮೇಲೆ ಬೆರಳುದ್ದದ ಮಣ್ಣು. ಅದರ ಮೇಲೆ ಕಣ್ಣು ಕೋರೈಸುವ ಹಸುರು. ಅದೇ ಜಾಗಕ್ಕೆ ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಮತ್ತೆ ಕರೆದೊಯ್ಯಿರಿ. ಹುಲ್ಲು ಒಣಗಿ ಹಳದಿಯಾಗಿರುತ್ತದೆ. ಕಾಲುದಾರಿಯ ಗಟ್ಟಿನೆಲ, ಬಂಡೆಯ ಮೇಲಣ ತೆಳುಮಣ್ಣು, ಮುಳ್ಳಿನ ಪೊದೆ, ಹಳ್ಳದ ಬದಿಯ ಒಳ್ಳೆಯ ಭೂಮಿ ಎಲ್ಲವೂ ಒಂದೇ ಗುಡ್ಡದಲ್ಲಿವೆ. ಬಿತ್ತುವವನ ಸಾಮ್ಯವನ್ನು ನಾನು ಅಲ್ಲಿಯೇ ಹೇಳಿದೆ, ಅರ್ಥವನ್ನು ಹೇಳಲಿಲ್ಲ. ನವೆಂಬರಿನಲ್ಲಿ ಮಗನೇ ಒಣಹುಲ್ಲನ್ನು ಕಿತ್ತು ನೋಡಿ, "ಬೇರಽ ಇಲ್ಲ" ಎಂದ. ಭಾನುವಾರದ ಶಾಲೆಯ ಹತ್ತು ಪಾಠಗಳ ಕೆಲಸವನ್ನು ಆ ಒಂದು ಮಾತು ಮಾಡಿತು.

ಸಾಸವಡದ ಕಡೆಗೆ ಹೋದರೆ ಅಂಜೂರದ ತೋಟಗಳು. ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅಲ್ಲಿ ಎರಡು ಬೆಳೆಗಳುಂಟು: ಮಳೆಗಾಲದ ಮೊದಲಲ್ಲಿ ಆರೈಕೆ ಹಿಡಿದು ಚಳಿಗಾಲದಲ್ಲಿ ಹಣ್ಣು ಕೊಡುವ ಖಟ್ಟಾ ಬಹಾರ, ಮಳೆಗಾಲದ ಕೊನೆಯಲ್ಲಿ ಹಿಡಿದು ಬೇಸಿಗೆಯ ಹೊತ್ತಿಗೆ ಸಿಹಿಹಣ್ಣು ಕೊಡುವ ಮೀಠಾ ಬಹಾರ. ಎರಡಕ್ಕೂ ಕ್ರಮ ಒಂದೇ: ಕೆಲ ಕಾಲ ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ, ಕೊಂಬೆ ಸವರುವುದು, ಬುಡ ಅಗೆಯುವುದು, ಗೊಬ್ಬರ, ಆಮೇಲೆ ನೀರು.

ಇದನ್ನು ಕಂಡಾಗ ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯ ನೆನಪಾಗದಿರದು. ಮೂರು ವರ್ಷದಿಂದ ಹಣ್ಣು ಕಾಣದ ಅಂಜೂರದ ಮರವನ್ನು ಕಡಿದುಹಾಕು ಎನ್ನುತ್ತಾನೆ ಒಡೆಯ. ತೋಟಗಾರನು ಇನ್ನೊಂದು ವರ್ಷದ ಅವಕಾಶ ಕೇಳುತ್ತಾನೆ. ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆನ್ನುತ್ತಾನೆ. ಮರ ಹಣ್ಣು ಬಿಟ್ಟಿತೋ ಇಲ್ಲವೋ ಸ್ವಾಮಿ ಹೇಳುವುದಿಲ್ಲ. ನಾನು ಮಾತ್ರ ಇಷ್ಟು ದಿನ ಒಡೆಯನ ಧ್ವನಿಯಲ್ಲಿ ಮಾತಾಡುತ್ತಿದ್ದೆ. ತಾಯ್ತಂದೆಗಳಿಗೆ ಒಪ್ಪುವುದು ತೋಟಗಾರನ ಧ್ವನಿ.

ಕೇಡಗಾವದ ಹೊಲ

ಪುಣೆಯಿಂದ ಸೋಲಾಪುರ, ಕಲಬುರಗಿಗಳ ಕಡೆಗೆ ರೈಲಿನಲ್ಲಿ ಹೋಗುವ ನಮ್ಮವರು ಸುಮಾರು 60 ಕಿಲೋಮೀಟರಿನ ಹತ್ತಿರ ಕೇಡಗಾವ ಎಂಬ ನಿಲ್ದಾಣವನ್ನು ದಾಟುತ್ತಾರೆ. ಪಂಡಿತಾ ರಮಾಬಾಯಿಯವರ 'ಮುಕ್ತಿ' ಸದನವಿರುವುದು ಅಲ್ಲಿ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಎಂಬುದನ್ನು ಎಷ್ಟು ಕನ್ನಡಿಗರು ಬಲ್ಲರು? ತಾಯಿ ಲಕ್ಷ್ಮೀಬಾಯಿಯವರು ಬೆಳಗಿನ ಜಾವದಲ್ಲಿ ಮಗಳನ್ನು ಮುದ್ದಿನಿಂದ ಎಬ್ಬಿಸಿ, ಮರಗಳಲ್ಲಿ ಹಕ್ಕಿಗಳು ಉಲಿಯುತ್ತಿರುವಾಗ ಸಂಸ್ಕೃತ ಪಾಠ ಹೇಳುತ್ತಿದ್ದರು. ಮುಂದೆ 1870ರ ದಶಕದ ಕ್ಷಾಮ ತಂದೆತಾಯಿಗಳನ್ನು ನುಂಗಿತು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಆದರೂ ತಮ್ಮ ವಿದ್ಯೆಗೆ ತಾಯಿಯ ಆ ಮುಂಜಾವದ ಪಾಠವೇ ಮೂಲವೆಂಬುದನ್ನು ಮರೆಯಲಿಲ್ಲ.

ವಿಧವೆಯರಿಗಾಗಿ ಅವರು 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಅಲ್ಲಿ ಮತದ ವಿಷಯದಲ್ಲಿ ಒತ್ತಾಯವಿಲ್ಲವೆಂಬುದು ಕಟ್ಟಳೆ. ರಮಾಬಾಯಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಇದರಿಂದ ಊರಿನಲ್ಲಿ ದೊಡ್ಡ ಗದ್ದಲವೆದ್ದು, 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾ ಮಂಡಳಿಯಿಂದ ಹೊರಬಂದರು. ಹಲವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಬೇರೆಯವರು ನಂಬಿ ಒಪ್ಪಿಸಿದ ಮಕ್ಕಳ ವಿಷಯದಲ್ಲಿ ತೆರೆದ ಬಾಗಿಲೂ ಒಂದು ಬಗೆಯ ಕರೆಯಾಗುತ್ತದೆಯೆ? ಎರಡು ಕಡೆಯವರ ನೋವನ್ನೂ ನಾನು ಅರಿಯಬಲ್ಲೆ. ನಮ್ಮ ಸ್ವಂತ ಮಕ್ಕಳ ಮಾತಿಗೆ ಬಂದರೆ, ತೆರೆದ ಬಾಗಿಲಿಗಿಂತ ಹೆಚ್ಚಿನ ಒತ್ತಾಯ ಬೇಡವೆಂಬುದು ನಾನು ತೆಗೆದುಕೊಂಡ ಪಾಠ.

ಅಮೆರಿಕೆಯ ನೆರವು ಹತ್ತು ವರ್ಷಗಳಿಗೆ ಮಾತ್ರವಾಗಿದ್ದುದರಿಂದ ರಮಾಬಾಯಿ ಕೇಡಗಾವದಲ್ಲಿ 100 ಎಕರೆಯಷ್ಟು ನೆಲ ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ಹಾಕಿಸಿದರು. ಫಲಕ್ಕೆ ಕಾಯುವ ಮೊದಲೇ 1896-97ರ ಕ್ಷಾಮ ಬಂತು. ಮಧ್ಯಪ್ರಾಂತದಿಂದ ಮುನ್ನೂರರಷ್ಟು ಹುಡುಗಿಯರನ್ನು ಅವರು ಕರೆತಂದರು. ಆ ಹೊಲವೇ ಅವರಿಗೆ ಮನೆಯಾಯಿತು. ಹಸಿದು ಬಂದ ಆ ಮಕ್ಕಳಿಗೆ ಮೊದಲು ಬೇಕಾದುದು ಅನ್ನ, ಬಟ್ಟೆ, ಮೈಮೇಲೊಂದು ಮಮತೆಯ ಕೈ. ತಾನೇ ಕ್ಷಾಮದ ಹಸಿವನ್ನು ಉಂಡಿದ್ದ ರಮಾಬಾಯಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಮಗಳು ಮನೋರಮಾಬಾಯಿ ತಾಯಿಯ ಕೆಲಸವನ್ನೇ ತನ್ನದಾಗಿ ಮಾಡಿಕೊಂಡು, 1912ರಲ್ಲಿ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಗಂಗಾಮೂಲದ ಬೀಜ ಪುಣೆ ಜಿಲ್ಲೆಯಲ್ಲಿ ಬೆಳೆದು ಮತ್ತೆ ಕನ್ನಡ ನೆಲಕ್ಕೇ ಬಿದ್ದಿತು.

ಸಂಜೆ ಅರಳುವ ಹೂವು

ಇನ್ನು ನಮ್ಮ ಹೀರೆಯ ಮಾತು. ಐದು ಬೀಜಗಳಲ್ಲಿ ಮೂರು ಮೊಳೆತುವು, ಎರಡು ಕೊಳೆತುಹೋದುವು. ಬಳ್ಳಿ ದಾರ ಹಿಡಿದು ಬಾಲ್ಕನಿಯ ಸರಳಿಗೆ ಹಬ್ಬಿತು. ಮೊದಲು ಬಿಟ್ಟ ಹೂಗಳೆಲ್ಲ ಉದುರಿದುವು. "ಎಲ್ಲಾ ಸುಳ್ಳು ಹೂವು" ಎಂದು ಹುಡುಗ ಮುನಿದ. ಅವು ಗಂಡುಹೂಗಳು, ಮೊದಲು ಬರುವುದು ಅವೇ, ಪುಟ್ಟ ಕಾಯಿಯನ್ನು ಬೆನ್ನಿಗೆ ಕಟ್ಟಿಕೊಂಡ ಹೆಣ್ಣುಹೂಗಳು ಹಿಂದಿನಿಂದ ಬರುತ್ತವೆ ಎಂದು ಅವರ ತಂದೆ ತೋರಿಸಿಕೊಟ್ಟರು.

ಹೀರೆಯ ಹೂವು ಅರಳುವುದು ಸಂಜೆ. ಸರಿಯಾಗಿ ನಮ್ಮ ಪ್ರಾರ್ಥನೆಯ ಹೊತ್ತಿಗೆ. ಆಗಸ್ಟಿನ ಒಂದು ಸಂಜೆ ನಾವು ಬಾಲ್ಕನಿಯ ಬಾಗಿಲು ತೆರೆದಿಟ್ಟು ಕುಳಿತಿದ್ದೆವು. ಹುಡುಗ ಹೂಗಳನ್ನು ನೋಡುತ್ತ, "ಅಜ್ಜಿ ಇದರ ಬೀಜ ಕಟ್ಟಿಡುವಾಗ ಯಾರಿಗಂತ ಕಟ್ಟಿಟ್ಟಿದ್ಳು?" ಎಂದ. ನಾನು, "ಗೊತ್ತಿಲ್ಲಪ್ಪ. ಮುಂದಿನ ಮಳೆಗಾಲಕ್ಕಂತ ಇಟ್ಟಿರಬೇಕು" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವನು, "ತಾ ಇರ್ತೀನೋ ಇಲ್ಲೋ ಅಂತ ನೋಡ್ಲಿಲ್ಲಲ್ಲ" ಎಂದ. ಭೂಮಿಗೆ ಬಿದ್ದ ಕಾಳಿನ ವಿಷಯವಾಗಿ ಸ್ವಾಮಿ ಹೇಳಿದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮೊಳಕೆಯನ್ನು ಮುರಿಯಲು ಮತ್ತೆ ಮನಸ್ಸಾಗಲಿಲ್ಲ.

ಅವನ ಮೊದಲ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಇಲ್ಲವೆಂದು ಅವನಿಗೆ ಹೇಳಿಯೂ ಇದ್ದೇನೆ. ಹಾಗೆ ಹೇಳಿದ ದಿನ ಅವನು ಮೊದಲ ಸಲ ನನ್ನ ಪಕ್ಕಕ್ಕೆ ಒತ್ತಿ ಕುಳಿತ. ಈಗ ಹಾಡಿಗೆ ದನಿ ಕೂಡಿಸುತ್ತಾನೆ. ಕಣ್ಣು ಮುಚ್ಚುತ್ತಾನೋ ಇಲ್ಲವೋ ನಾನು ನೋಡುವುದಿಲ್ಲ. ನೋಡಬೇಕಾದರೆ ನಾನೂ ಕಣ್ಣು ತೆರೆಯಬೇಕಷ್ಟೆ!

ತಾಯ್ತಂದೆಗಳಿಗೆ ಒಂದೆರಡು ಮಾತು

ಮಗುವಿಗೆ ತನ್ನದೇ ಆದ ಒಂದು ಕುಂಡ ಕೊಡಿರಿ. ನೀರು ಮರೆತರೆ ನೀವು ಗುಟ್ಟಾಗಿ ಹಾಕಬೇಡಿರಿ. ಬೇಗ ಮೊಳೆಯುವ ಮೆಂತೆ, ಸಾಸಿವೆಗಳಿಂದ ಮೊದಲುಮಾಡಿ, ಕಾಯಿಸುವ ಹೀರೆ, ಹಾಗಲಗಳಿಗೆ ಬನ್ನಿರಿ. ಗಿಡ ಸತ್ತರೆ ರಾತ್ರೋರಾತ್ರಿ ಹೊಸದನ್ನು ತಂದಿಟ್ಟು ಮರೆಮಾಚಬೇಡಿರಿ. ಸಾವನ್ನು ಕುರಿತು ಮಾತಾಡಲು ಅದಕ್ಕಿಂತ ಮೆತ್ತಗಿನ ಸಂದರ್ಭ ಸಿಗಲಾರದು. ಪ್ರತಿಯೊಂದು ಎಲೆಯಿಂದಲೂ ನೀತಿ ಹಿಂಡಬೇಡಿರಿ. ನೆಟ್ಟವನು ಒಬ್ಬ, ನೀರೆರೆದವನು ಇನ್ನೊಬ್ಬ, ಬೆಳೆಸುವವನು ದೇವರೆಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ನಾವು ಮಕ್ಕಳಿಗೆ ಕಲಿಸುವ ಮೊದಲು ನಾವೇ ನಂಬಬೇಕು.

ಆ ವರ್ಷ ಬಳ್ಳಿಯಲ್ಲಿ ಒಂದು ಕಾಯಿಯನ್ನು ಕೀಳದೆ ಒಣಗಲು ಬಿಟ್ಟೆವು. ಅದರ ಬೀಜಗಳನ್ನು ಮಗ ಅಜ್ಜಿಯ ಅದೇ ಚಿಂದಿಯಲ್ಲಿ ಕಟ್ಟಿಟ್ಟ. ಮರುವರ್ಷ ಅರ್ಧವನ್ನು ಪಕ್ಕದ ಮನೆಯ ಮರಾಠಿ ಗೆಳೆಯನಿಗೆ ಕೊಟ್ಟು ಬಂದ. "ಏನು ಹೇಳಿಕೊಟ್ಟೆ?" ಎಂದು ಕೇಳಿದೆ. "ಕೆದಕಿ ನೋಡಬ್ಯಾಡ ಅಂದೆ" ಎಂದ.