ಕಿಲಿಮಂಜಾರೋ ಏರುವವರು ದಾರಿಯನ್ನು ಆರಿಸುವ ಬಗೆ

ಆಫ್ರಿಕಾ ಖಂಡದ ಅತ್ಯುನ್ನತ ಶಿಖರವಾದ ಕಿಲಿಮಂಜಾರೋ ಟಾಂಜಾನಿಯಾ ದೇಶದಲ್ಲಿದೆ. ಎತ್ತರ 5,895 ಮೀಟರ್. ಹಗ್ಗ ಹಿಡಿಯದೆ, ನಡೆದೇ ತುದಿ ಮುಟ್ಟಬಹುದೆಂಬ ಕಾರಣಕ್ಕೆ ಪರ್ವತಾರೋಹಣದ ತರಬೇತಿ ಇಲ್ಲದವರೂ, ಐವತ್ತು ದಾಟಿದವರೂ ಅತ್ತ ಹೊರಡುತ್ತಾರೆ. ಕಾಲಿಗೆ ಸುಲಭವಾದುದು ಶರೀರಕ್ಕೂ ಸುಲಭವೆಂದು ಬಗೆಯುವುದರಲ್ಲಿಯೇ ಅಪಾಯವಿದೆ. ಆದಕಾರಣ ಈ ಪರ್ವತಕ್ಕೆ ದಾರಿಯನ್ನು ಆರಿಸುವುದನ್ನು ನಾವು ಆರೋಗ್ಯದ ವಿಷಯವಾಗಿಯೇ ಇಲ್ಲಿ ವಿಚಾರಿಸುತ್ತೇವೆ.

ಎಷ್ಟು ಎತ್ತರಕ್ಕೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ ಇರುತ್ತದೆ. ತಗ್ಗುವುದು ಗಾಳಿಯ ಒತ್ತಡ. ಕಿಲಿಮಂಜಾರೋ ತುದಿಯಲ್ಲಿ ಆ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧ. ಹೀಗಾಗಿ ಪ್ರತಿಯೊಂದು ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಸುಮಾರು ಅರ್ಧವೇ. ದೇಹವು ಇದಕ್ಕೆ ಹೊಂದಿಕೊಳ್ಳಬಲ್ಲದು: ಉಸಿರಾಟ ಹೆಚ್ಚುತ್ತದೆ, ಮೂತ್ರಪಿಂಡಗಳು ರಕ್ತದ ಆಮ್ಲ-ಕ್ಷಾರಗಳ ಸಮತೋಲವನ್ನು ತಿದ್ದುತ್ತವೆ. ಆದರೆ ಈ ಕೆಲಸಕ್ಕೆ ದಿನಗಳೇ ಬೇಕು. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಮತ್ತೊಂದು ರಾತ್ರಿ ತಂಗಬೇಕು ಎಂಬುದು ಪರ್ವತ ವೈದ್ಯಶಾಸ್ತ್ರದ ನಿಯಮ.

ಈ ಅಳತೆಗೋಲನ್ನು ಹಿಡಿದು ದಾರಿಗಳನ್ನು ನೋಡೋಣ. ಮರಾಂಗು ದಾರಿಯ ಏರು ಸೌಮ್ಯವಾದುದು. ಡೇರೆಯ ಬದಲು ಗುಡಿಸಲುಮನೆಗಳಲ್ಲಿ ಹಾಸಿಗೆಯ ಮೇಲೆ ಮಲಗಬಹುದು. ಐದೇ ದಿನಗಳಲ್ಲಿ ಮುಗಿಸುವುದುಂಟು, ಖರ್ಚೂ ಕಡಿಮೆ. ಆದರೆ ಮೊದಲ ರಾತ್ರಿ ಸುಮಾರು 2,700 ಮೀಟರಿನಲ್ಲಿ, ಎರಡನೆಯದು 3,700ರಲ್ಲಿ, ಮೂರನೆಯದು 4,700ರಲ್ಲಿ. ಆ ಮೂರನೆಯ ರಾತ್ರಿಯೂ ಪೂರ್ತಿ ನಿದ್ರೆಯಿಲ್ಲ. ನಡುರಾತ್ರಿಯ ವೇಳೆಗೆ ಎದ್ದು ತುದಿಯತ್ತ ಹೊರಡಬೇಕು. ನಿಯಮ ಹೇಳಿದ್ದರ ಇಮ್ಮಡಿ ವೇಗವಿದು. ನಡುವಿನ ಹೊರೊಂಬೊ ಬೀಡಿನಲ್ಲಿ ಇನ್ನೊಂದು ದಿನ ನಿಂತರೆ ಸ್ವಲ್ಪ ವಾಸಿ.

ಮಚಾಮೆ ದಾರಿ ಇದಕ್ಕಿಂತ ಕಡಿದು, ವಾಸ ಡೇರೆಯಲ್ಲಿ. ಆದರೂ ಅದಕ್ಕೊಂದು ಗುಣವಿದೆ. ಹಗಲಿನಲ್ಲಿ ಸುಮಾರು 4,600 ಮೀಟರಿನ ಲಾವಾ ಟವರ್ ಬಂಡೆಯವರೆಗೆ ಏರಿ, ಸಂಜೆಗೆ 4,000 ಮೀಟರಿಗೂ ತುಸು ಕೆಳಗಿನ ಬರಾಂಕೊ ಕಣಿವೆಗೆ ಇಳಿದು ಮಲಗುತ್ತಾರೆ. ದೇಹಕ್ಕೆ ಎತ್ತರದ ಪರಿಚಯವಾಗುತ್ತದೆ, ರಾತ್ರಿಯ ವಿಶ್ರಾಂತಿಯೂ ದೊರೆಯುತ್ತದೆ. ಪಶ್ಚಿಮದಿಂದ ಬರುವ ಲೆಮೋಶೊ ದಾರಿಯೂ ಇದನ್ನೇ ಕೂಡಿಕೊಳ್ಳುತ್ತದೆ, ಏಳೆಂಟು ದಿನ ಹಿಡಿಯುತ್ತದೆ. ಮೊದಲ ಬಾರಿಗೆ ಹೋಗುವವರಿಗೆ ಎಂಟು ದಿನಗಳ ಲೆಮೋಶೊ ದಾರಿಯನ್ನೇ ನಾವು ಸೂಚಿಸುತ್ತೇವೆ. ದಿನ ಹೆಚ್ಚಿದಷ್ಟು ಹಣವೂ ಹೆಚ್ಚು ತಗಲುವುದು ನಿಜ. ಉಳಿತಾಯವನ್ನು ಬೇರೆಡೆ ಮಾಡಿಕೊಳ್ಳಲಿ. ವೆಸ್ಟರ್ನ್ ಬ್ರೀಚ್ ಎಂಬ ಕಡಿದಾದ ದಾರಿಯನ್ನಂತೂ ಸಾಮಾನ್ಯರು ಮುಟ್ಟಬಾರದು. 2006ರಲ್ಲಿ ಅಲ್ಲಿ ಬಂಡೆಗಳುರುಳಿ ಮೂವರು ಮೃತರಾದರು.

ಮಾರ್ಚ್ ಕೊನೆಯಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆ, ನವೆಂಬರಿನಲ್ಲಿ ಸಣ್ಣ ಮಳೆ. ಜನವರಿ-ಫೆಬ್ರವರಿ ಅಥವಾ ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣ ಹವೆಯೇ ತಕ್ಕ ಕಾಲ.

ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದನ್ನು ಹತ್ತಿಳಿದು ಅಭ್ಯಾಸ ಮಾಡಿದರೆ ಕಾಲು ಬಲಿಯುತ್ತದೆ, ಎದೆ ಪಳಗುತ್ತದೆ. ತೆಳುಗಾಳಿಯ ಅಭ್ಯಾಸ ಮಾತ್ರ ಅಲ್ಲಿ ಆಗದು. ಗಟ್ಟಿಮುಟ್ಟಾದ ತರುಣರೇ ಅವಸರದಿಂದ ಏರಿ ಕಾಯಿಲೆ ಬೀಳುವುದುಂಟು. ಅಲ್ಲಿಯ ಮಾರ್ಗದರ್ಶಿಗಳು ಸ್ವಾಹಿಲಿ ಭಾಷೆಯಲ್ಲಿ ‘ಪೊಲೆ ಪೊಲೆ’, ನಿಧಾನ ನಿಧಾನ, ಎಂದು ಹೆಜ್ಜೆಹೆಜ್ಜೆಗೂ ಎಚ್ಚರಿಸುವುದು ಇದಕ್ಕಾಗಿಯೇ. ಹೃದ್ರೋಗ, ಶ್ವಾಸಕೋಶದ ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಮುಂಗಡ ಹಣ ಕಟ್ಟುವ ಮೊದಲೇ ವೈದ್ಯರನ್ನು ಕಾಣತಕ್ಕದ್ದು. ಎತ್ತರದ ಬಾಧೆಯನ್ನು ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನೂ ಅವರನ್ನು ಕೇಳಿಯೇ ಸೇವಿಸಬೇಕು. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ತಿಳಿಸಲಿ.

ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಮೊದಲ ಸೂಚನೆಗಳು. ಇವು ತೋರಿದರೆ ಮೇಲೇರದೆ ಅಲ್ಲಿಯೇ ನಿಲ್ಲಬೇಕು. ನಡಿಗೆ ತೂರಾಡಿದರೆ, ಮಾತು ತಪ್ಪಿದರೆ ಮಿದುಳು ಊದಿಕೊಳ್ಳುತ್ತಿದೆಯೆಂದು ತಿಳಿಯಬೇಕು. ಕುಳಿತಲ್ಲಿಯೇ ಏದುಸಿರು ಬಂದರೆ, ಕೆಮ್ಮಿನೊಡನೆ ನಸುಗೆಂಪು ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇವೆರಡೂ ಪ್ರಾಣಾಪಾಯ. ಬೆಳಗಾಗಲೆಂದು ಕಾಯದೆ, ಮಾರ್ಗದರ್ಶಿಯೊಡನೆ ಆ ಕ್ಷಣವೇ ರೋಗಿಯನ್ನು ಕೆಳಗಿಳಿಸಬೇಕು. ಆಗ ರೋಗಿಯೊಡನೆ ತಂಡದಲ್ಲಿ ಯಾರು ಹಿಂದಿರುಗುವರೆಂಬುದನ್ನು ಊರಿನಲ್ಲಿಯೇ, ಹೊರಡುವ ಮುನ್ನವೇ, ಹೆಸರು ಹಿಡಿದು ಗೊತ್ತುಮಾಡಿಕೊಂಡಿರಬೇಕು. ತುದಿ ಕಣ್ಣಿಗೆ ಕಾಣುವ ಹೊತ್ತಿನಲ್ಲಿ ಆ ಮಾತನ್ನು ಎತ್ತಲು ಯಾರಿಗೂ ಮನಸ್ಸು ಬಾರದು.