ಬಿಳಿ ಕ್ಯಾಲಾ, ಬಣ್ಣದ ಕ್ಯಾಲಾ: ಬೆರೆಯಲೊಲ್ಲದ ಎರಡು ಬಳಗಗಳು

ಹೂಗುಚ್ಛಗಳಲ್ಲಿ ಮತ್ತು ಹೂದಾನಿಗಳಲ್ಲಿ ಒಂದೇ ಎಸಳನ್ನು ಸುರುಳಿ ಸುತ್ತಿದಂತೆ ಕಾಣುವ ಕ್ಯಾಲಾ ಲಿಲಿಯು ಕೆಸು ಮತ್ತು ಸುವರ್ಣಗೆಡ್ಡೆಗಳ ಕುಟುಂಬವಾದ ಏರೇಸಿಗೆ ಸೇರಿದ ಸಸ್ಯ. ಎಸಳೆಂದು ತೋರುವ ಭಾಗವು ವಾಸ್ತವವಾಗಿ ಹೂಗೊಂಚಲನ್ನು ಆವರಿಸಿ ನಿಂತ ಮಾರ್ಪಟ್ಟ ಎಲೆಯಾಗಿದ್ದು, ಸಸ್ಯವಿಜ್ಞಾನಿಗಳು ಅದನ್ನು ಸ್ಪೇತ್ ಎಂದು ಕರೆಯುತ್ತಾರೆ; ನಿಜವಾದ ಹೂಗಳು ಅದರ ನಡುವೆ ಎದ್ದ ಕದಿರಿನ ಮೇಲೆ, ಗಂಡು ಹೂಗಳು ಮೇಲ್ಭಾಗದಲ್ಲಿ ಮತ್ತು ಹೆಣ್ಣು ಹೂಗಳು ಬುಡದಲ್ಲಿ, ಒತ್ತಾಗಿ ಕೂಡಿರುತ್ತವೆ. ಬಿಳಿ ಕ್ಯಾಲಾದ ಬಿಳುಪಿಗೆ ಯಾವ ವರ್ಣದ್ರವ್ಯವೂ ಕಾರಣವಲ್ಲ. ಹೊರಪದರದ ಅಡಿಯಲ್ಲಿರುವ ಅಸಂಖ್ಯ ಗಾಳಿಯ ಅವಕಾಶಗಳು ಬೆಳಕನ್ನು ಚದುರಿಸುವುದರಿಂದ ಅದು ಹಾಗೆ ಕಾಣುತ್ತದೆ.

ಈ ಸಸ್ಯಗಳ ಕುಲಕ್ಕೆ ಇಟಲಿಯ ಸಸ್ಯವಿಜ್ಞಾನಿ ಝಾಂಟೆಡೆಸ್ಕಿಯ ನೆನಪಿಗಾಗಿ 1826ರಲ್ಲಿ ಝಾಂಟೆಡೆಸ್ಕಿಯಾ ಎಂಬ ಹೆಸರಿಡಲಾಯಿತು. ಇದರ ಎಂಟು ಪ್ರಭೇದಗಳ ತವರು ಆಫ್ರಿಕಾ ಖಂಡದ ದಕ್ಷಿಣ ಭಾಗವಾಗಿದ್ದು, ಅವು ಸ್ವಭಾವದಲ್ಲಿ ಎರಡು ಬಳಗಗಳಾಗಿ ಒಡೆದಿವೆ. ಮೊದಲನೆಯ ಬಳಗದ ಮುಖ್ಯ ಪ್ರಭೇದವಾದ ಬಿಳಿಯ ಈಥಿಯೋಪಿಕಾ ಜವುಗು ನೆಲದಲ್ಲಿ ಬೇರುಕಾಂಡದಿಂದ ಹಬ್ಬುತ್ತ, ನೀರು ಸಿಕ್ಕಲ್ಲಿ ವರ್ಷವಿಡೀ ಹಸಿರಾಗಿರುತ್ತದೆ. ನೀಲಗಿರಿ ಮತ್ತು ಪಳನಿ ಬೆಟ್ಟಗಳ ತೇವದ ತಗ್ಗುಗಳಲ್ಲಿ ನೆಲೆಯೂರಿರುವುದೂ, ಪಶ್ಚಿಮ ಆಸ್ಟ್ರೇಲಿಯದಲ್ಲಿ ಕಳೆಯೆಂದು ಕೀಳಲ್ಪಡುವುದೂ ಇದೇ. ಎರಡನೆಯ ಬಳಗದವು ಬೇಸಗೆಯಲ್ಲಿ ಮಳೆ ಬೀಳುವ ಹುಲ್ಲುಗಾವಲಿನ ಸಸ್ಯಗಳು. ಅವು ಗೆಡ್ಡೆ ಕಟ್ಟಿಕೊಂಡು, ಚಳಿಗಾಲದಲ್ಲಿ ಎಲೆಯುದುರಿಸಿ ಸುಪ್ತಾವಸ್ಥೆಗೆ ಜಾರುತ್ತವೆ. ಗುಲಾಬಿ ಬಣ್ಣದ ರೆಹ್ಮಾನಿಯೈ ಮತ್ತು ತೋಟಗಳಲ್ಲಿ ಮಾತ್ರ ಕಂಡುಬಂದಿರುವ ಹಳದಿಯ ಎಲಿಯೋಟಿಯಾನಾ ಈ ಬಳಗದವು. ಇವು ತಮ್ಮೊಳಗೆ ಸುಲಭವಾಗಿ ಬೆರೆತು ಫಲವತ್ತಾದ ಸಂತತಿ ಕೊಡುವುದರಿಂದ, ಇಂದು ಮಾರುಕಟ್ಟೆಯಲ್ಲಿರುವ ಕಿತ್ತಳೆ, ಕೆಂಪು, ನೇರಳೆ ಮತ್ತು ಕಪ್ಪೆನ್ನಿಸುವಷ್ಟು ಗಾಢವಾದ ತಳಿಗಳೆಲ್ಲ ಇವುಗಳ ಸಂಕರದಿಂದಲೇ ಹುಟ್ಟಿವೆ. ಕೆಂಪು-ನೇರಳೆ ಛಾಯೆಗೆ ಕಾರಣವಾದ ಆಂಥೋಸಯನಿನ್, ಹಳದಿಗೆ ಕಾರಣವಾದ ಕ್ಯಾರೊಟಿನಾಯ್ಡ್ ಮತ್ತು ಎಲೆಯ ಪತ್ರಹರಿತ್ತು, ಈ ಮೂರರ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವುದರಲ್ಲಿಯೇ ಬಣ್ಣದ ತಳಿಗಾರನ ಕಸುಬೆಲ್ಲ ಅಡಗಿದೆ.

ಆ ಕಸುಬು ಮುಖ್ಯವಾಗಿ ನ್ಯೂಜಿಲೆಂಡ್, ನೆದರ್ಲೆಂಡ್ಸ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಬೆಳೆಯಿತು. ಕದಿರಿನಲ್ಲಿ ಹೆಣ್ಣು ಹೂಗಳು ಮೊದಲು ಪಕ್ವವಾಗಿ, ಅವುಗಳ ಕಾಲ ಮುಗಿಯುವ ಹೊತ್ತಿಗೆ ಗಂಡು ಹೂಗಳು ಪರಾಗ ಉದುರಿಸುವುದರಿಂದ, ತಳಿಗಾರನು ಮೊದಲೇ ಸಂಗ್ರಹಿಸಿದ ಬೇರೆ ಗಿಡದ ಪರಾಗವನ್ನು ಸಕಾಲದಲ್ಲಿ ಸವರಿದರೆ ಸಂಕರ ನಡೆಯುತ್ತದೆ. ಬೀಜದಿಂದ ಎದ್ದ ಸಸಿ ಹೂಬಿಡಲು ಎರಡು-ಮೂರು ವರ್ಷ ಬೇಕು. ಕಾಂಡದ ಉದ್ದ, ಕೊಯ್ದ ಮೇಲಿನ ಬಾಳಿಕೆ ಮತ್ತು ಗೆಡ್ಡೆಯೊಂದಕ್ಕೆ ದೊರೆಯುವ ಹೂಗಳ ಸಂಖ್ಯೆಯನ್ನು ಪರೀಕ್ಷಿಸಿದ ನಂತರ ಉಳಿಯುವವು ಕೆಲವೇ ಸಸಿಗಳು.

ಬಣ್ಣದ ಬಳಗವನ್ನು ಬಿಡದೆ ಕಾಡುವ ಪಿಡುಗೆಂದರೆ ಮೃದು ಕೊಳೆ ರೋಗ. ಪೆಕ್ಟೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಗೆಡ್ಡೆಯ ಗಾಯದೊಳಕ್ಕೆ ಹೊಕ್ಕು, ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿಟ್ಟ ಪೆಕ್ಟಿನ್ ಎಂಬ ಅಂಟನ್ನು ತನ್ನ ಕಿಣ್ವಗಳಿಂದ ಕರಗಿಸುತ್ತದೆ. ಬಿಸಿಲೂ ತೇವವೂ ಕೂಡಿದ ದಿನಗಳಲ್ಲಿ ಗಟ್ಟಿ ಗೆಡ್ಡೆಯು ನಾರುವ ಲೋಳೆಯಾಗಲು ಹೆಚ್ಚು ಕಾಲ ಬೇಡ. ಇದನ್ನು ಗುಣಪಡಿಸುವ ನಂಬಿಕಸ್ತ ಔಷಧಿ ಇಲ್ಲ. ನೀರು ನಿಲ್ಲದಂತೆ ನೋಡಿಕೊಳ್ಳುವುದು, ಗೆಡ್ಡೆಗೆ ಪೆಟ್ಟಾಗದಂತೆ ಅಗೆಯುವುದು, ಇವೇ ಬೆಳೆಗಾರನಿಗಿರುವ ದಾರಿಗಳು. ವ್ಯಾಪಾರವು ದಶಕಗಳ ಕಾಲ ಹೊಸ ಬಣ್ಣಗಳ ಬೆನ್ನು ಹತ್ತಿ ರೋಗನಿರೋಧಕ ಗುಣವನ್ನು ಹಿಂದಕ್ಕೆ ಸರಿಸಿದ್ದು ಅಗ್ಗದ ಆಯ್ಕೆಯಾಗಲಿಲ್ಲ. ನೆದರ್ಲೆಂಡ್ಸ್‌ನ ವಾಗನಿಂಗನ್‌ನಲ್ಲಿ ಸ್ನೈಡರ್ ಮತ್ತು ವಾನ್ ಟೌಲ್ ಎಂಬ ಸಂಶೋಧಕರು ಈ ಶತಮಾನದ ಆರಂಭದಲ್ಲಿ ಗೆಡ್ಡೆ ಮತ್ತು ಎಲೆಯ ತುಣುಕುಗಳಿಗೆ ಸೋಂಕು ತಗುಲಿಸಿ ಪ್ರಭೇದಗಳನ್ನು ಹೋಲಿಸಿದಾಗ, ಬಿಳಿಯ ಈಥಿಯೋಪಿಕಾ ಪ್ರಬಲ ನಿರೋಧ ತೋರಿತು.

ಹಾಗಾದರೆ ಬಿಳಿಯ ನಿರೋಧಶಕ್ತಿಯನ್ನು ಬಣ್ಣದ ಬಳಗಕ್ಕೆ ಸಂಕರದ ಮೂಲಕ ತರಬಾರದೇ ಎಂಬ ಪ್ರಶ್ನೆ ಸಹಜ. ಎರಡೂ ಬಳಗಗಳಲ್ಲಿ ವರ್ಣತಂತುಗಳ ಸಂಖ್ಯೆ 32 ಆಗಿದ್ದು, ಪರಾಗಸ್ಪರ್ಶವೂ ಫಲಿಸುತ್ತದೆ. ಆದರೆ ಬೀಜದೊಳಗೆ ಭ್ರೂಣವನ್ನು ಪೋಷಿಸಬೇಕಾದ ಅಂಗಾಂಶ ಸೊರಗುತ್ತದೆ; ಭ್ರೂಣವನ್ನು ಎಳೆಯದಾಗಿರುವಾಗಲೇ ಬಿಡಿಸಿ ಪೋಷಕ ಮಾಧ್ಯಮದಲ್ಲಿ ಬೆಳೆಸುವ ಭ್ರೂಣ ರಕ್ಷಣೆಯ ವಿಧಾನದಿಂದ ಗಿಡವನ್ನು ಉಳಿಸಿಕೊಂಡರೂ ಅದು ಹಸಿರೇ ಇಲ್ಲದೆ ಬೆಳ್ಳಗಿರುತ್ತದೆ, ಮಣ್ಣಿಗೆ ನೆಟ್ಟರೆ ಬದುಕುವುದಿಲ್ಲ. ಇದರ ಕಾರಣವನ್ನು ನ್ಯೂಜಿಲೆಂಡಿನಲ್ಲಿ ಯಾವೋ, ಕೋಹೆನ್ ಮತ್ತು ರೋಲೆಂಡ್ 1994ರಲ್ಲಿ ಬಿಡಿಸಿ ತೋರಿಸಿದರು. ಪತ್ರಹರಿತ್ತನ್ನು ಹೊತ್ತ ಕ್ಲೋರೋಪ್ಲಾಸ್ಟ್‌ಗಳಿಗೆ ತಮ್ಮದೇ ಆದ ಸಣ್ಣ ಡಿಎನ್‌ಎ ಇದ್ದು, ಅದು ಕೋಶಕೇಂದ್ರದ ಡಿಎನ್‌ಎ ಜೊತೆ ಹೊಂದಿ ನಡೆದರೆ ಮಾತ್ರ ಎಲೆ ಹಸಿರಾಗುತ್ತದೆ. ಎರಡು ಬಳಗಗಳ ಸಂಕರದಲ್ಲಿ ಕೋಶಕೇಂದ್ರ ಬೆರಕೆಯಾದಾಗ ಆ ಹೊಂದಾಣಿಕೆ ಮುರಿಯುತ್ತದೆ. ಬಹುಪಾಲು ಹೂಗಿಡಗಳಲ್ಲಿ ಕ್ಲೋರೋಪ್ಲಾಸ್ಟ್ ತಾಯಿಯಿಂದ ಮಾತ್ರ ಬಂದರೆ, ಕ್ಯಾಲಾದಲ್ಲಿ ತಂದೆ-ತಾಯಿ ಇಬ್ಬರಿಂದಲೂ ಬರುವುದರಿಂದ ಕೆಲವೊಮ್ಮೆ ಬಿಳಿ-ಹಸಿರು ಪಟ್ಟೆಯ ಸಸಿಗಳೂ ಹುಟ್ಟುತ್ತವೆ. 1989ರಲ್ಲಷ್ಟೇ ವಿವರಿಸಲ್ಪಟ್ಟ, ಸುವಾಸನೆಯ ಓಡೊರಾಟಾ ಪ್ರಭೇದವನ್ನು ಎರಡು ಬಳಗಗಳ ನಡುವಿನ ಸೇತುವೆಯಾಗಿ ಬಳಸುವ ಪ್ರಯತ್ನ ಆ ಮೇಲೆ ನಡೆಯಿತಾದರೂ ಅಡ್ಡಗೋಡೆ ಪೂರ್ಣವಾಗಿ ಉರುಳಲಿಲ್ಲ.

ಸಂಕರದಿಂದ ಸಾಧ್ಯವಾಗದ್ದನ್ನು ಜೀನ್ ವರ್ಗಾವಣೆಯಿಂದ ಸಾಧಿಸಲು ಹೊರಟವರು ತೈವಾನಿನ ವಿಜ್ಞಾನಿಗಳು. ಅವರು ದಪ್ಪ ಮೆಣಸಿನಕಾಯಿ ಗಿಡದ ಫೆರೆಡಾಕ್ಸಿನ್ ಮಾದರಿಯ ಪ್ರೋಟೀನಿನ ಜೀನನ್ನು ಕ್ಯಾಲಾಕ್ಕೆ ಸೇರಿಸಿದಾಗ ಗಿಡಗಳು ಮೃದು ಕೊಳೆ ರೋಗವನ್ನು ಹೆಚ್ಚು ತಾಳಿಕೊಂಡವೆಂದು 2007ರಲ್ಲಿ ವರದಿಯಾಯಿತು. ಸೋಂಕು ತಗುಲಿದ ಜಾಗದ ಕೋಶಗಳು ಬೇಗನೆ ಸತ್ತು ಬ್ಯಾಕ್ಟೀರಿಯಾವನ್ನು ಅಲ್ಲಿಯೇ ಕಟ್ಟಿಹಾಕುವಂತೆ ಆ ಪ್ರೋಟೀನು ಪ್ರೇರೇಪಿಸುತ್ತದೆ. ಆದರೆ ಅನುಮತಿ ಪರೀಕ್ಷೆಗಳ ವೆಚ್ಚದಿಂದಾಗಿ, ಜೀನ್ ಮಾರ್ಪಡಿಸಿದ ಅಲಂಕಾರ ಹೂಗಳಲ್ಲಿ ನೇರಳೆ ಕಾರ್ನೇಷನ್‌ನಂತಹ ಬೆರಳೆಣಿಕೆಯವು ಮಾತ್ರ ಅಂಗಡಿ ಸೇರಿವೆ.

ಬೆಳೆಗಾರನಿಗೆ ನಿಜಕ್ಕೂ ಒದಗಿಬಂದ ಜೈವಿಕ ತಂತ್ರಜ್ಞಾನವೆಂದರೆ ಅಂಗಾಂಶ ಕೃಷಿ. ಆಯ್ದ ಒಂದೇ ಗಿಡದ ಮೊಗ್ಗಿನಿಂದ ಗಾಜಿನ ಬಾಟಲಿಯಲ್ಲಿ ಸಾವಿರಾರು ಏಕರೂಪದ ಸಸಿಗಳನ್ನು ಪಡೆಯುವುದರ ಜೊತೆಗೆ, ಬೆಳವಣಿಗೆಯ ತುದಿಯ ಅತಿ ಸಣ್ಣ ತುಣುಕನ್ನು ಆರಿಸಿಕೊಂಡರೆ ಕೆಸುವಿಗೂ ಕ್ಯಾಲಾಕ್ಕೂ ಒಂದೇ ಬಗೆಯಲ್ಲಿ ತಗಲುವ ಮೊಸಾಯಿಕ್ ನಂಜುರೋಗದಿಂದ ಮುಕ್ತವಾದ ಗೆಡ್ಡೆಗಳನ್ನೂ ಪಡೆಯಬಹುದು. ಇದೇ ಬಾಟಲಿಗಳಲ್ಲಿ ಕಾಲ್ಚಿಸಿನ್‌ನಂತಹ ರಾಸಾಯನಿಕ ಬಳಸಿ ವರ್ಣತಂತುಗಳನ್ನು ಇಮ್ಮಡಿಗೊಳಿಸುವ ಕೆಲಸವೂ 1990ರ ದಶಕದಲ್ಲಿ ಕೈಗೂಡಿತು. 2023ರಲ್ಲಿ ಚೀನಾದ ಸಂಶೋಧಕರು ಎಲಿಯೋಟಿಯಾನಾದ ತಳಿಯೊಂದರ ಜೀನೋಮನ್ನು, ಅಂದರೆ ಅದರ ಸಮಗ್ರ ಆನುವಂಶಿಕ ಪಾಠವನ್ನು, ವರ್ಣತಂತುಗಳ ಮಟ್ಟದಲ್ಲಿ ಜೋಡಿಸಿ ಪ್ರಕಟಿಸಿದ್ದಾರೆ. ನಿರೋಧಗುಣದ ಜೀನುಗಳ ನೆಲೆ ಅದರಲ್ಲಿ ಗುರುತಿಗೆ ಸಿಕ್ಕರೆ, ಗೆಡ್ಡೆ ಕೊಳೆಯುವುದನ್ನು ಕಾಯದೆ ಎಳೆಯ ಸಸಿಯ ಎಲೆಯ ಚೂರಿನಿಂದಲೇ ತಳಿಯನ್ನು ಆರಿಸಲು ಸಾಧ್ಯವಾಗುತ್ತದೆ.