ಬದುವಿನ ಒಂದು ಸಾಲು

ಮುಂಗಾರಿಗೆ ಮುನ್ನ ಹೊಲ ಹಸನು ಮಾಡುವ ದಿನಗಳಲ್ಲಿ ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಬದುವಿನ ವ್ಯಾಜ್ಯ ಹೊತ್ತು ಬರುವವರೇ ಹೆಚ್ಚು. ಮಗಳ ಮದುವೆ, ಮಗನ ನೌಕರಿಯ ಮಾತು ಆಮೇಲೆ. ಪಕ್ಕದ ಹೊಲದವನು ಒಂದು ಸಾಲು ಒಳಗೆ ಬಂದನೆಂಬುದು ಮೊದಲು. ಎರಡು ತಲೆಮಾರು ಒಂದೇ ಬಾವಿಯ ನೀರುಂಡ ಮನೆತನಗಳು ಈ ಒಂದು ಸಾಲಿಗಾಗಿ ಮಾತು ಬಿಟ್ಟುದನ್ನು ನಾವು ಕಂಡಿದ್ದೇವೆ.

2016ರ ಬೇಸಿಗೆಯಲ್ಲಿ ಇಂಥ ಇಬ್ಬರನ್ನು ಎದುರು ಕೂಡಿಸಿಕೊಂಡು, ಪರರ ಸೊತ್ತಿಗೆ ಕೈಚಾಚಬಾರದೆಂದು ಬಹಳ ಹೊತ್ತು ಬೋಧಿಸಿದೆವು. ಅವರಲ್ಲಿ ಹಿರಿಯನಾದವನು ಎಲ್ಲವನ್ನೂ ಕೇಳಿ ಕೈಮುಗಿದು, "ಅಜ್ಜಾರ, ನಮ್ಮ ಜಗಳ ಆಮ್ಯಾಲ ಹರೀರಿ. ಮೊದಲ ಮಠದ ಬದು ಎಲ್ಲೈತಿ ಅಂತ ನೋಡ್ರಿ" ಎಂದನು. ಅವನ ಹೊಲದ ಇನ್ನೊಂದು ಮಗ್ಗುಲಿಗೆ ಇರುವುದು ಶ್ರೀಮಠದ ಹೊಲ. ಕುಳಿತವರೆಲ್ಲ ನೆಲ ನೋಡತೊಡಗಿದರು. ನಮ್ಮ ಮುಖ ಸಣ್ಣದಾಯಿತೆಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ.

ಮರುವಾರವೇ ಹದ್ದುಬಸ್ತಿಗೆ ಅರ್ಜಿ ಕೊಡಿಸಿದೆವು. ಸುತ್ತಲಿನ ಹಿಡುವಳಿದಾರರಿಗೆಲ್ಲ ನೋಟಿಸು ಹೋಗಿ, ಭೂಮಾಪಕರು ಹಳೆಯ ಟಿಪ್ಪಣಿ ಹಿಡಿದು ಅಳೆದರು. ಮಣ್ಣಿನಲ್ಲಿ ಹೂತುಹೋಗಿದ್ದ ಬಾಂದುಕಲ್ಲು ಸಿಕ್ಕಿದ್ದು ನಮ್ಮ ಬದುವಿನಿಂದ ಮೂರೂಕಾಲು ಅಡಿಗಿಂತ ತುಸು ಈಚೆಗೆ, ನಮ್ಮ ಸಾಗುವಳಿಯ ಒಳಗೆ! ಬದುವಿನ ಉದ್ದ 660 ಅಡಿ. ಒಂದು ಗುಂಟೆಗೆ 1089 ಚದರಡಿಯಂತೆ ಲೆಕ್ಕ ಹಾಕಿದರೆ ಸರಿಯಾಗಿ ಎರಡು ಗುಂಟೆ ಅವನ ಭೂಮಿ ಮಠದ ಬೆಳೆ ಹೊತ್ತಿತ್ತು.

ಕದಿಯಬೇಕೆಂದು ಯಾರೂ ಹೊರಟಿರಲಿಲ್ಲ. ಮಠದ ಹೊಲ ಊಳುವವರು ವರ್ಷಕ್ಕೊಮ್ಮೆ ರಂಟೆಯ ತುದಿಯಿಂದ ಬದುವಿನ ಆಚೆಯ ಮಗ್ಗುಲನ್ನು ಬಿಟ್ಟು ಈಚೆಯದನ್ನು ಕೆರೆಯುತ್ತಿದ್ದರು, ಅಷ್ಟೇ. ಎರೆಭೂಮಿ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಕಲ್ಲು ವಾಲುತ್ತದೆ, ಮುಳುಗುತ್ತದೆ. ಗುರುತು ಕಾಣದಾದ ಮೇಲೆ ಕೈಗೆ ಧೈರ್ಯ ಬರುತ್ತದೆ. ನಾವಾದರೂ ಮಾಡಿದ್ದೇನು? ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೋಗಿ ಅದೇ ಬದುವಿನ ಮೇಲೆ, ಬೇವಿನ ಮರದ ನೆರಳಿಗೆ ಕುಳಿತು ಪ್ರಸಾದ ಸ್ವೀಕರಿಸಿ ಬಂದಿದ್ದೆವು. ಎಷ್ಟೋ ವರ್ಷ!

ಮಠದ ಲೆಕ್ಕ ಬರೆಯುವವರು ಮೆಲ್ಲನೆ ಕಿವಿಗೆ ಹಾಕಿದರು: "ಹನ್ನೆರಡು ವರ್ಷ ದಾಟಿದೆ, ಕಾಯಿದೆ ನಮ್ಮ ಕಡೆಗಿದೆ." 1963ರ ಕಾಲಮಿತಿ ಕಾಯಿದೆಯ ಮಾತದು. ಆದರೆ ವರ್ಷ ಎಣಿಸಿದ ಮಾತ್ರಕ್ಕೆ ಹಕ್ಕು ಬಾರದು; ಒಡೆಯನ ಹಕ್ಕನ್ನು ಧಿಕ್ಕರಿಸಿ, ಬಹಿರಂಗವಾಗಿ, ಎಡೆಬಿಡದೆ ಅನುಭವಿಸಿದ್ದೇವೆಂದು ಸಾಧಿಸಬೇಕು. ಶ್ರೀಮಠ ನ್ಯಾಯಾಲಯದಲ್ಲಿ ನಿಂತು ಹಾಗೆಂದು ಹೇಳಿಕೊಳ್ಳಬೇಕೇ? ಮಠದ ಭೂಮಿಯನ್ನು ದಾನ ಕೊಡುವ ಅಧಿಕಾರ ನಮಗಿಲ್ಲವೆಂದೂ ಅವರು ನೆನಪಿಸಿದರು. ನಿಜ. ಆದರೆ ಮಠದ್ದಲ್ಲದ್ದನ್ನು ಮರಳಿಸುವುದು ದಾನ ಹೇಗಾದೀತು? ಮಳೆ ಬೀಳುವುದರೊಳಗೆ ಬದುವನ್ನು ಕಲ್ಲಿನ ನೇರಕ್ಕೆ ಹಾಕಿಸಿದೆವು.

ಈ ಪ್ರಸಂಗದಿಂದ ನಾವು ಕಲಿತದ್ದನ್ನು ರೈತಬಾಂಧವರಿಗೆ ಹೇಳಬೇಕು. ಪಹಣಿಯಲ್ಲಿ ಎಕರೆ ಗುಂಟೆ ಇರುತ್ತದೆಯೇ ಹೊರತು ಗೆರೆ ಎಲ್ಲಿದೆಯೆಂಬುದು ಇರುವುದಿಲ್ಲ. ಅದು ಟಿಪ್ಪಣಿಯಲ್ಲಿ, ಸರ್ವೆ ನಕ್ಷೆಯಲ್ಲಿ. ಹದ್ದುಬಸ್ತು ಗೆರೆಯನ್ನು ತೋರಿಸುತ್ತದೆ. ಭೂಮಿ ಯಾರದೆಂಬ ವಾದವೇ ಎದ್ದರೆ ಅದು ಸಿವಿಲ್ ನ್ಯಾಯಾಲಯದ ಕೆಲಸ. ಬಾಂದುಕಲ್ಲು ಕಾಯುವ ಹೊಣೆಯನ್ನು 1964ರ ಭೂಕಂದಾಯ ಕಾಯಿದೆ ಹಿಡುವಳಿದಾರನ ಮೇಲೆಯೇ ಇಟ್ಟಿದೆ, ಸರ್ಕಾರ ಬಂದು ಕಾಯಲೆಂದು ಕೂರಬೇಡಿರಿ.

ಇನ್ನು ಒಪ್ಪಂದ. ಅಜ್ಜಂದಿರು ಎಲೆ ಅಡಿಕೆ ಹಾಕಿಕೊಳ್ಳುತ್ತ ಆಡಿದ ಮಾತು ಅವರಿಬ್ಬರು ಇರುವವರೆಗೆ ಕಲ್ಲಿಗಿಂತ ಗಟ್ಟಿ. ಮೊಮ್ಮಗನಿಗೆ ಅದು ಗೊತ್ತೇ ಇರುವುದಿಲ್ಲ. ಇದ್ದ ಗೆರೆಯನ್ನೇ ಇಬ್ಬರೂ ಒಪ್ಪುವುದಾದರೆ ನಕ್ಷೆಯ ಸಹಿತ ಬರೆದು, ಪಂಚರ ಸಮಕ್ಷಮ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿರಿ. ಸೊಟ್ಟ ಬದುವನ್ನು ನೆಟ್ಟಗೆ ಮಾಡಲು ಅಷ್ಟು ಕೊಟ್ಟು ಇಷ್ಟು ತೆಗೆದುಕೊಳ್ಳುವುದಾದರೆ ಮಾತ್ರ ಬಾಂಡ್ ಕಾಗದ ಸಾಲದು, ಭೂಮಿ ಕೈಬದಲಾಗುತ್ತದೆ. ನೂರು ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಹಸ್ತಾಂತರವನ್ನು ನೋಂದಾಯಿಸಬೇಕೆಂದು 1908ರ ಕಾಯಿದೆಯೇ ಹೇಳುತ್ತದೆ. ನೂರು ರೂಪಾಯಿಗೆ ಇಂದು ಯಾವ ಭೂಮಿ ಸಿಕ್ಕೀತು?

ಬೇಲಿ ಹಾಕುವುದು ಇದೆಲ್ಲ ಆದ ಮೇಲೆ. ತಂತಿ ಬೇಲಿಯ ಖರ್ಚು ಯಾರದು, ದುರಸ್ತಿ ಯಾರದು, ಬಂಡಿ ಹೋಗಲು ಎಷ್ಟು ದಾರಿ, ಬದುವಿನ ಮರದ ಫಲ ಯಾರಿಗೆ ಎಂಬುದನ್ನೂ ಅದೇ ಕಾಗದದಲ್ಲಿ ಕಾಣಿಸಿರಿ. ಮನಸ್ಸು ಕೆಟ್ಟ ಮೇಲೆ ಇವನ್ನು ಕೇಳಹೋದರೆ ಪ್ರತಿಯೊಂದೂ ಒಂದೊಂದು ದಾವೆ.

ಅಂದು ನಮ್ಮೆದುರು ಕುಳಿತ ಆ ಇಬ್ಬರೂ ಮುಂದೆ ಹದ್ದುಬಸ್ತು ಮಾಡಿಸಿಕೊಂಡರು. ಅವರೊಳಗಿನ ವ್ಯತ್ಯಾಸ ಒಂದು ಗೇಣೂ ಇರಲಿಲ್ಲ! ಸ್ನೇಹ ಮೊದಲಿನಂತಾಯಿತೆಂದು ಹೇಳಲಾರೆವು. ಎತ್ತು ಎರವಲು ಕೊಡುವಷ್ಟಾಗಿದೆ. ಮಠದ ಬದು ಸರಿದ ಮೇಲೆ ಬೇವಿನ ಮರ ಹಿರಿಯನ ಪಾಲಿಗೆ ಹೋಯಿತು. ಚರಗದ ದಿನ ನಾವು ಈಗಲೂ ಅದರ ನೆರಳಿಗೇ ಕೂರುತ್ತೇವೆ, ಅವನನ್ನು ಕೇಳಿ.